ಒಂಬತ್ತನೇ ತರಗತಿ ಪೋಷಕರಿಗೆ: ಗೋಲಿ ತರಲು ಹೇಳಿದ್ದು ಯಾಕೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಶನಿವಾರ ಮಕ್ಕಳ ಕೈಯಲ್ಲಿ ಹತ್ತು ಗೋಲಿ ಕಳಿಸಿ ಎಂದು ಡೈರಿಯಲ್ಲಿ ಬರೆಸಿದ್ದೆ. "ಒಂಬತ್ತನೇ ಕ್ಲಾಸಿನವರಿಗೆ ಗೋಲಿ ಆಟವಾ ಮೇಡಂ?" ಎಂದು ಕೆಲವರು ಫೋನ್ ಮಾಡಿ ಕೇಳಿದಿರಿ. ಕೇಳಿದ್ದು ಒಳ್ಳೆಯದೇ ಆಯಿತು.

ಈಗ 'ಪರಮಾಣುವಿನ ರಚನೆ' ಪಾಠ ನಡೆಯುತ್ತಿದೆ. ಪುಸ್ತಕದಲ್ಲಿ ಥಾಮ್ಸನ್, ರುದರ್‌ಫೋರ್ಡ್, ಬೋರ್ ಎಂಬ ವಿಜ್ಞಾನಿಗಳು ಸಾಲಾಗಿ ಬಂದು ಹೋಗುತ್ತಾರೆ. ಆದರೆ ಪರಮಾಣು ಒಡೆಯುತ್ತದೆಯೇ, ಅದರೊಳಗೆ ಏನಿದೆ ಎಂದು ಆಗ ನಡೆದದ್ದು ದೊಡ್ಡ ವಾದ. ರೇಡಿಯಂ ಎಂಬ, ತಾನಾಗಿಯೇ ವಿಕಿರಣ ಸೂಸುವ ಲೋಹ ಒಂದು ಗಂಟೆಯಲ್ಲಿ ತನ್ನ ತೂಕಕ್ಕಿಂತ ಜಾಸ್ತಿ ಮಂಜುಗಡ್ಡೆ ಕರಗಿಸುವಷ್ಟು ಶಾಖ ಕೊಡುತ್ತದೆ ಎಂದು 1903ರಲ್ಲಿ ಪಿಯರ್ ಕ್ಯೂರಿ ಮತ್ತು ಲಬೋರ್ಡ್ ಅಳೆದು ತೋರಿಸಿದರು. ಬೆಂಕಿಯಿಲ್ಲ, ಹೊಗೆಯಿಲ್ಲ. ಬಿಸಿ ಎಲ್ಲಿಂದ ಬಂತು? ಪರಮಾಣುವೇ ಒಡೆದು ಬೇರೆ ಧಾತುವಾಗುತ್ತಿದೆ ಎಂದರು ರುದರ್‌ಫೋರ್ಡ್ ಮತ್ತು ಅವರ ಜೊತೆಗಾರ ಸಾಡಿ. ಹಿರಿಯ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ ಒಪ್ಪಲಿಲ್ಲ. 1906ರಲ್ಲಿ, 82ನೇ ವಯಸ್ಸಿನಲ್ಲಿ, ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗೇ ಬರೆದರು: ರೇಡಿಯಂ ಧಾತುವೇ ಅಲ್ಲ, ಸೀಸ ಮತ್ತು ಹೀಲಿಯಂ ಕೂಡಿದ ಸಂಯುಕ್ತ ಯಾಕಾಗಿರಬಾರದು? ಕೆಲ್ವಿನ್ ಸಾಮಾನ್ಯರಲ್ಲ. ತಾಪಮಾನದ ಮಾನಕ್ಕೆ ಇಟ್ಟಿರುವುದು ಅವರದೇ ಹೆಸರು. ಅಂಥವರ ಅನುಮಾನಕ್ಕೆ ಪುರಾವೆಯಿಂದಲೇ ಉತ್ತರ ಕೊಡಬೇಕಿತ್ತು.

ನನಗೆ ತುಂಬಾ ಇಷ್ಟವಾದ ಭಾಗ ಮುಂದಿನದು. 1909, ಮ್ಯಾಂಚೆಸ್ಟರ್. ರುದರ್‌ಫೋರ್ಡ್ ಪ್ರಯೋಗಾಲಯದ ಗೈಗರ್ ಮತ್ತು ಇಪ್ಪತ್ತು ವರ್ಷದ ವಿದ್ಯಾರ್ಥಿ ಮಾರ್ಸ್‌ಡೆನ್ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ನೆ ಕೂತಿರುತ್ತಿದ್ದರು. ಆಮೇಲೆ ಆಲ್ಫಾ ಕಣಗಳು (ವಿಕಿರಣ ಸೂಸುವ ವಸ್ತುವಿನಿಂದ ಹಾರಿಬರುವ ಪುಟ್ಟ ಕಣಗಳು) ಪರದೆಗೆ ಬಡಿದಾಗ ಸೂಕ್ಷ್ಮದರ್ಶಕದಲ್ಲಿ ಕಾಣುವ ಮಿಣುಕುಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು. ಲೋಹದ ಹಾಳೆಗೆ ಬಡಿದ ಆಲ್ಫಾ ಕಣಗಳಲ್ಲಿ ಸುಮಾರು 8,000ಕ್ಕೆ ಒಂದು ಹಿಂದಕ್ಕೆ ಪುಟಿಯುತ್ತಿತ್ತು. ಆ ಒಂದನ್ನು ಹಿಡಿದುಕೊಂಡೇ 1911ರಲ್ಲಿ ರುದರ್‌ಫೋರ್ಡ್, ಪರಮಾಣುವಿನ ನಡುವೆ ಕಣವನ್ನು ಹಿಂದಕ್ಕೆ ತಳ್ಳುವಂಥ ಪುಟ್ಟ ತಿರುಳಿದೆ (ನ್ಯೂಕ್ಲಿಯಸ್) ಎಂದದ್ದು.

ಗೋಲಿ ಇದಕ್ಕೇ. ಮಣೆಯ ಕೆಳಗೆ ಕಾಣದಂತೆ ಒಂದು ವಸ್ತು ಅಂಟಿಸಿರುತ್ತೇವೆ. ಮಕ್ಕಳು ಸುತ್ತಲಿಂದ ಗೋಲಿ ಉರುಳಿಸಿ, ಅದು ಎತ್ತ ಹೊರಬಂತೆಂದು ಗೆರೆ ಎಳೆದು, ಒಳಗಿರುವುದು ದುಂಡಗಿದೆಯೋ ಚೌಕವೋ ಹೇಳಬೇಕು. ಮಣೆ ಎತ್ತಿ ತೋರಿಸುವುದಿಲ್ಲ. ರುದರ್‌ಫೋರ್ಡ್‌ಗೂ ಯಾರೂ ಎತ್ತಿ ತೋರಿಸಲಿಲ್ಲ, ಅಲ್ವಾ? ತರಗತಿಯಲ್ಲಿ ವಾದ ಜೋರಾಗಿಯೇ ನಡೆಯಲಿ.

ಮಗು ಸಂಜೆ ಮನೆಗೆ ಬಂದು "ಒಳಗೆ ತ್ರಿಕೋನವೇ ಇತ್ತು" ಎಂದರೆ, ದಯವಿಟ್ಟು "ಹೇಗೆ ಗೊತ್ತಾಯ್ತು?" ಎಂದು ಕೇಳಿ. ಗೆರೆ ಎಳೆದ ಹಾಳೆ ಬ್ಯಾಗಿನಲ್ಲೇ ಇರುತ್ತದೆ.

ಒಬ್ಬ ತಾಯಿ ಆತಂಕದಿಂದ ಕೇಳಿದ್ದಕ್ಕೆ ಎಲ್ಲರಿಗೂ ಹೇಳುತ್ತಿದ್ದೇನೆ: ಈ ಪಾಠಕ್ಕೆ ವಿಕಿರಣ ಸೂಸುವ ಯಾವ ವಸ್ತುವನ್ನೂ ಶಾಲೆಗೆ ತರುತ್ತಿಲ್ಲ. ಗೋಲಿಗಳನ್ನು ಸಂಜೆಯೇ ವಾಪಸ್ ಕಳಿಸುತ್ತೇವೆ. ಚೀಲದ ಮೇಲೆ ಹೆಸರು ಬರೆದಿರಲಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ