ಕಾಲು ಎಲ್ಲಿಡಲಿ ಎಂದವರಿಗೆ

ಕಳೆದ ಶುಕ್ರವಾರ ನನ್ನ ಸ್ನಾತಕೋತ್ತರ ವಿನ್ಯಾಸ ಪದವಿಯ ಅಂತಿಮ ಮೌಲ್ಯಮಾಪನ ಮುಗಿಯಿತು. ಪಾಸಾಗಿದ್ದೇನೆ. ಎರಡು ವರ್ಷದ ಓದು ಎರಡೂವರೆ ವರ್ಷ ಹಿಡಿಯಿತು. ಆ ಹೆಚ್ಚುವರಿ ಅರ್ಧ ವರ್ಷದ ಕಥೆ ಬಿಟ್ಟು ಬರೀ ಧನ್ಯವಾದ ಹೇಳಿದರೆ ಅದು ಮದುವೆ ಕರೆಯೋಲೆಯ ಕೊನೆಯ ಸಾಲಿನಂತಾಗುತ್ತದೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ಕೈಗಾರಿಕಾ ವಿನ್ಯಾಸ ಓದುತ್ತಿದ್ದೇನೆ ಎಂದರೆ ಊರಿನಲ್ಲಿ "ಸೀರೆಯದ್ದೋ, ಮನೆಯದ್ದೋ?" ಎಂದು ಕೇಳುತ್ತಿದ್ದರು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ವಿನ್ಯಾಸದ ಸ್ನಾತಕೋತ್ತರ ಪ್ರವೇಶಕ್ಕಿರುವ ಸೀಡ್ ಪರೀಕ್ಷೆ ಬರೆದು ಬೆಂಗಳೂರಿಗೆ ಬಂದಾಗ ನನಗೂ ಉತ್ತರ ಗೊತ್ತಿರಲಿಲ್ಲ. ಕಾರು, ಮೊಬೈಲುಗಳನ್ನು ಚಂದಗಾಣಿಸುವ ವಿದ್ಯೆ ಇರಬೇಕು ಎಂದುಕೊಂಡಿದ್ದೆ. ಮೊದಲ ವಾರವೇ ಮೇಡಂ ಹೇಳಿದರು: ಒಂದು ವಸ್ತು ತನ್ನಿ, ಬೆಲೆ ನೂರು ರೂಪಾಯಿ ದಾಟಬಾರದು, ಅದಕ್ಕೆ ಕರೆಂಟು ಬೇಕಾಗಬಾರದು, ಒಂದು ತಿಂಗಳು ಅದರ ಜೊತೆಗೇ ಇರಬೇಕು.

ಒಬ್ಬ ಸೇಫ್ಟಿ ಪಿನ್ನು ತಂದ. 1849ರಲ್ಲಿ ಅಮೆರಿಕದ ವಾಲ್ಟರ್ ಹಂಟ್ ಪೇಟೆಂಟ್ ಪಡೆದು, ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟ ಪಿನ್ನು. ಒಂದೇ ತಂತಿ ಸುರುಳಿ ಸುತ್ತಿಕೊಂಡು ಸ್ಪ್ರಿಂಗೂ ಆಗುವುದನ್ನು ಅವನು ಒಂದು ತಿಂಗಳು ಬಿಡದೆ ವಿವರಿಸಿದ. ಮಣಿಪುರದ ಗೆಳತಿ ಬಿದಿರಿನ ಮೀನುಬುಟ್ಟಿ ತಂದಳು. ಒಳಗೆ ಹೋದ ಮೀನು ಹೊರಗೆ ಬಾರದಂತೆ ಕಡ್ಡಿಗಳು ಒಳಮುಖವಾಗಿದ್ದ ಅದು ನಮ್ಮ ಮಲೆನಾಡಿನ ಕೂಣಿಯ ತಂಗಿಯಂತಿತ್ತು. ನನ್ನ ಚೀಲದಲ್ಲಿ ಇದ್ದದ್ದು ಅಮ್ಮ ತುರುಕಿದ್ದ ಇಕ್ಕಳ. ಹಾಸ್ಟೆಲಿನಲ್ಲಿ ಒಲೆಯೇ ಇಲ್ಲ ಎಂದು ಎಷ್ಟು ಹೇಳಿದರೂ ಕೇಳಿರಲಿಲ್ಲ.

ಇಕ್ಕಳದಲ್ಲಿ ನೋಡುವುದೇನಿದೆ? ಎರಡು ಪಟ್ಟಿ, ನಡುವೆ ಒಂದು ರಿವೆಟ್ಟು. ಮೊದಲ ದಿನ ಸನ್ನೆಕೋಲಿನ ಲೆಕ್ಕ ಮಾಡಿ ತೋರಿಸಿದೆ: ಹಿಡಿಯುವ ಕಡೆ ಉದ್ದ, ಕಚ್ಚುವ ಕಡೆ ಗಿಡ್ಡ, ಆದ್ದರಿಂದ ಮುಷ್ಟಿಯ ಬಲ ಕೆಲವು ಪಟ್ಟು ಹೆಚ್ಚಾಗುತ್ತದೆ. ಮೇಡಂ ಕೇಳಿಸಿಕೊಂಡು, "ಸರಿ, ಇದು ಯಾಕೆ ಇದೆ?" ಎಂದರು. ಬಿಸಿ ಪಾತ್ರೆ ಇಳಿಸಲು ಎಂದೆ. "ಪಾತ್ರೆಗೇ ಹಿಡಿ ಯಾಕಿಲ್ಲ?" ಎಂದರು. ಉತ್ತರ ಹೊಳೆಯಲಿಲ್ಲ.

ಹದಿನೈದು ದಿನ ಆ ಪ್ರಶ್ನೆ ನನ್ನನ್ನು ಕಾಡಿತು. ರಜೆಗೆ ಊರಿಗೆ ಹೋದಾಗ ಅಡುಗೆಮನೆಯ ಹಲಗೆಯ ಮೇಲೆ ಪಾತ್ರೆಗಳು ಒಂದರೊಳಗೊಂದು ಕೂತಿದ್ದವು: ದೊಡ್ಡದರಲ್ಲಿ ನಡುವಿನದು, ಅದರಲ್ಲಿ ಸಣ್ಣದು, ಅದರೊಳಗೆ ಲೋಟಗಳು. ಒಂದಕ್ಕೆ ಹಿಡಿ ಇದ್ದರೂ ಆ ಸಾಲು ಕೆಡುತ್ತಿತ್ತು. ಕುಕ್ಕರಿನೊಳಗೆ ಅನ್ನದ ಪಾತ್ರೆಯ ಮೇಲೆ ಬೇಳೆಯ ಪಾತ್ರೆ ಕೂರುವುದೂ ಹಿಡಿ ಇಲ್ಲದ್ದರಿಂದಲೇ. ನಮ್ಮವರು ಹಿಡಿಯನ್ನು ಪಾತ್ರೆಯಿಂದ ಬಿಡಿಸಿ ತೆಗೆದಿದ್ದಾರೆ! ಹತ್ತು ಪಾತ್ರೆಗೆ ಒಂದೇ ಹಿಡಿ. ಅದು ಒಲೆಯ ಪಕ್ಕದ ಮೊಳೆಗೆ ತೂಗುತ್ತಿರುತ್ತದೆ, ಬಿಸಿಯಾಗುವುದೂ ಇಲ್ಲ. ಇಪ್ಪತ್ಮೂರು ವರ್ಷ ಆ ಅಡುಗೆಮನೆಯಲ್ಲಿ ಉಂಡವಳಿಗೆ ಇದು ಒಮ್ಮೆಯೂ ಕಂಡಿರಲಿಲ್ಲ. ಆ ಪ್ರಶ್ನೆ ಕೇಳಿ ಉತ್ತರ ಹೇಳದೆ ಬಿಟ್ಟ ಮೇಡಂಗೆ ಮೊದಲ ನಮಸ್ಕಾರ.

ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯನ್ನು ಓದಿದ್ದೂ ಆಗಲೇ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಲು ಆಧಾರವಾದ ವರದಿ ಅದು. ಅಮೆರಿಕದಿಂದ ಬಂದ ಆ ಇಬ್ಬರು ಇಲ್ಲಿ ಮೆಚ್ಚಿದ ವಸ್ತುಗಳಲ್ಲೆಲ್ಲ ಎತ್ತರದ ಸ್ಥಾನ ಕೊಟ್ಟದ್ದು ಚೊಂಬಿಗೆ. ತುಂಬಿದಾಗ ಹೇಗೆ ತೂಗುತ್ತದೆ, ಖಾಲಿಯಾದಾಗ ಹೇಗೆ, ತೊಳೆಯಲು ಕೈ ಒಳಗೆ ಹೋಗುತ್ತದೆಯೇ, ಸೊಂಟದ ಮೇಲೆ ನಿಲ್ಲುತ್ತದೆಯೇ ಎಂದೆಲ್ಲ ಅವರು ಕೇಳುತ್ತಾ ಹೋಗುತ್ತಾರೆ. ನಾವೋ, ಮೋಸಹೋದವರಿಗೆ "ಕೈಗೆ ಚೊಂಬು ಬಂತು" ಎನ್ನುವ ಜನ. ಇದನ್ನು ತರಗತಿಯಲ್ಲಿ ಹೇಳಿದಾಗ ಕನ್ನಡದವರು ಮೂವರು ನಕ್ಕೆವು. ಉಳಿದವರಿಗೆ ಅರ್ಥ ಮಾಡಿಸಲು ಕಾಲು ಗಂಟೆ ಹಿಡಿಯಿತು.

ಇಷ್ಟೆಲ್ಲ ಕಲಿತ ಮೇಲೂ ಮುಗ್ಗರಿಸಿದೆ, ಅದೂ ಮನೆಯ ವಸ್ತುವಿನ ಮೇಲೆಯೇ.

ಅಮ್ಮನಿಗೆ ಮಂಡಿನೋವು. ನೆಲದ ಮೇಲೆ ಕೂತು ತರಕಾರಿ ಹೆಚ್ಚಲು ಆಗದು. ಚಾಕು ಅವಳ ಕೈಗೆ ಒಗ್ಗದು. ಹಾಗಾದರೆ ಕಟ್ಟೆಯ ಮೇಲಿಟ್ಟು ನಿಂತು ಬಳಸುವ ಈಳಿಗೆ ಮಣೆ ಮಾಡೋಣ ಎಂದು ಹೊರಟೆ. ತೇಗದ ಮಣೆ, ಸ್ಟೀಲಿನ ಅಲಗು, ಕೆಳಗೆ ರಬ್ಬರ್ ಗುಂಡಿಗಳು, ಕಟ್ಟೆಗೆ ಬಿಗಿಯಲು ಒಂದು ಕ್ಲ್ಯಾಂಪು. ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತಿತ್ತು. ಮೌಲ್ಯಮಾಪನದ ಹಿಂದಿನ ದಿನ ಮೆಸ್ಸಿನ ಅಕ್ಕನ ಮುಂದಿಟ್ಟೆ. ಅವರು ಬದನೆಕಾಯಿ ಹಿಡಿದು ನಿಂತರು, ಹಿಂದೆ ಸರಿದರು, ಮತ್ತೆ ನಿಂತರು. "ಅಲ್ಲಮ್ಮಾ, ಕಾಲು ಎಲ್ಲಿಡಲಿ?" ಎಂದರು.

ನಾನು ನಕ್ಕುಬಿಟ್ಟೆ. ಮರುದಿನ ಎಲ್ಲರೆದುರು ಕ್ಲ್ಯಾಂಪು ಜಾರಿ, ಮಣೆ ಮಗುಚಿ, ಬದನೆಕಾಯಿ ಪರೀಕ್ಷಕರ ಬೂಟಿನ ಹತ್ತಿರ ಹೋಗಿ ಬಿತ್ತು. ಅನುತ್ತೀರ್ಣ. ಒಂದು ಸೆಮಿಸ್ಟರ್ ಮತ್ತೆ ಮಾಡಬೇಕು, ಅಲ್ಲಿಯವರೆಗೆ ವಿದ್ಯಾರ್ಥಿವೇತನ ಇಲ್ಲ. ಚೀಲ ಕಟ್ಟಿಕೊಂಡು ಸಾಗರದ ರಾತ್ರಿ ಬಸ್ಸು ಹತ್ತಿದೆ, ಮರಳಿ ಬರುವ ಯೋಚನೆ ಇಟ್ಟುಕೊಂಡಿರಲಿಲ್ಲ.

ಮನೆಯಲ್ಲಿ ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಅವಳು ಹಲಸಿನಕಾಯಿ ಹೆಚ್ಚುತ್ತಿದ್ದಳು. ತಲೆ ಎತ್ತದೆ, "ಅದರ ಹೆಸರೇನು ಹೇಳು" ಎಂದಳು. ಈಳಿಗೆ ಎಂದೆ. "ಅದು ನಿನ್ನ ಬೆಂಗಳೂರಿನ ಹೆಸರು. ನಮ್ಮಲ್ಲಿ?"

ಮೆಟ್ಟುಗತ್ತಿ.

"ಮೆಟ್ಟದೆ ಇದ್ದರೆ ಅದು ಬರೀ ಕತ್ತಿ, ಕೂಸೇ."

ನನ್ನ ಪ್ರಾಜೆಕ್ಟ್ ವರದಿಯ ನಲವತ್ತು ಪುಟಗಳಲ್ಲಿ ಆ ವಸ್ತುವನ್ನು ನಾನು ಒಮ್ಮೆಯೂ ಮನೆಯ ಹೆಸರಿನಿಂದ ಕರೆದಿರಲಿಲ್ಲ. ಚಾಕುವಿನಲ್ಲಿ ಅಲಗು ಚಲಿಸುತ್ತದೆ. ಇಲ್ಲಿ ಅಲಗು ನಿಂತಿರುತ್ತದೆ, ಎರಡೂ ಕೈಗಳು ಕಾಯಿಯನ್ನು ಅದರತ್ತ ದೂಡುತ್ತವೆ. ದೂಡಿದಾಗಲೆಲ್ಲ ಮಣೆ ಮುಂದಕ್ಕೆ ಮಗುಚಲು ನೋಡುತ್ತದೆ. ಹಿಂದೆ ಮೆಟ್ಟಿದ ಕಾಲು ಅದನ್ನು ತಡೆಯುತ್ತದೆ. ಆ ಭಾರವನ್ನು ತೆಗೆದು, ಅದರ ಕೆಲಸವನ್ನು ನಾನು ಪುಟ್ಟ ಕ್ಲ್ಯಾಂಪಿಗೆ ಒಪ್ಪಿಸಿದ್ದೆ. ಅಂಚು ಗುಂಡಗಿರುವ ಗ್ರಾನೈಟ್ ಕಟ್ಟೆಯ ಮೇಲೆ ಅದು ನಿಲ್ಲುವುದಾದರೂ ಹೇಗೆ?

ದಾರಿಯೂ ಅಟ್ಟದ ಮೇಲೆಯೇ ಇತ್ತು. ಕಾಯಿ ತುರಿಯುವ ಹೆರೆಮಣೆಯ ಮೇಲೆ ಕೂರುತ್ತಾರೆ. ಕೂತವರ ಭಾರವೇ ಅದನ್ನು ಹಿಡಿಯುತ್ತದೆ. ಆ ಕೂರುಮಣೆಯನ್ನು ಎತ್ತರಿಸಿ, ಮುಂದೆ ಮೆಟ್ಟುಗತ್ತಿಯ ಅಲಗು ಕೂರಿಸಿದರೆ ಅಮ್ಮ ಮಂಡಿ ಮಡಚದೆ ಹೆಚ್ಚಬಹುದು. ಎತ್ತರ ಎಷ್ಟು? ರಾಷ್ಟ್ರೀಯ ವಿನ್ಯಾಸ ಸಂಸ್ಥೆಯವರು 1997ರಲ್ಲಿ ಪ್ರಕಟಿಸಿದ ಭಾರತೀಯರ ದೇಹದ ಅಳತೆಗಳ ಪುಸ್ತಕದಿಂದ ಶುರುಮಾಡಿ, ಊರಿನ ಇಪ್ಪತ್ತೆರಡು ಹೆಂಗಸರ ಮಂಡಿಯ ಎತ್ತರ ಅಳೆದೆ. "ಅಳತೆ ತಗೊಂಡೆಯಲ್ಲ, ರವಿಕೆ ಯಾವಾಗ ಕೊಡುತ್ತೀ?" ಎಂದು ಕೇಳಿಸಿಕೊಂಡೆ. ಕೊನೆಗೆ 38 ಸೆಂಟಿಮೀಟರಿಗೆ ನಿಂತೆ.

ಕಮ್ಮಾರಸಾಲೆಯ ಯಜಮಾನರಿಗೆ ನನ್ನ ಸ್ಟೀಲ್ ತಗಡು ತೋರಿಸಿದಾಗ, "ಇದು ಬೆಂಕಿಯ ಮಾತು ಕೇಳುವುದಿಲ್ಲ" ಎಂದು ಪಕ್ಕಕ್ಕೆಸೆದರು. ಲಾರಿಯ ಹಳೆಯ ಕಮಾನು ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು, ಎಣ್ಣೆಯಲ್ಲಿ ಅದ್ದಿ, ಮತ್ತೆ ಸಣ್ಣ ಉರಿಗೆ ಹಿಡಿದು, ಅಂಚು ಒಣಹುಲ್ಲಿನ ಬಣ್ಣಕ್ಕೆ ತಿರುಗಿದ ಕ್ಷಣದಲ್ಲಿ ಎತ್ತಿದರು. ಉಷ್ಣತೆಯ ಕೋಷ್ಟಕಗಳನ್ನು ಬಾಯಿಪಾಠ ಮಾಡಿದ್ದ ನನಗೆ ಹದ ಎಂದರೆ ಏನೆಂದು ಅಂದು ಕಣ್ಣಿಗೆ ಕಂಡಿತು. ಕೂಲಿ ಎಂದು ತೆಗೆದುಕೊಂಡದ್ದು ಒಂದು ಕಾಫಿ. ಅದನ್ನೂ ತಮ್ಮ ಮನೆಯಲ್ಲೇ ಮಾಡಿಸಿ ನನಗೂ ಕೊಟ್ಟರು.

ಮಾದರಿಗಳನ್ನು ಬಸ್ಸಿನಲ್ಲಿ ಒಯ್ಯುವುದೇ ದೊಡ್ಡ ಪಾಡಾಗಿತ್ತು. ಕಂಡಕ್ಟರ್ ಒಮ್ಮೆ ಕುರ್ಚಿಗೂ ಅರ್ಧ ಟಿಕೆಟ್ ಹರಿಯುವೆನೆಂದರು. ಆಗ ಮೇಡಂ ಯುರೋಪಿನ ಪೀಠೋಪಕರಣ ತಯಾರಕ ಟೋನೆಟ್‌ನ 14ನೇ ನಂಬರಿನ ಕುರ್ಚಿಯನ್ನು ನೆನಪಿಸಿದರು. 1859ರ ಆ ಕುರ್ಚಿಗೆ ಇದ್ದದ್ದು ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ನನ್ನ ಮಣೆಯನ್ನು ಐದು ತುಂಡಿಗಿಂತ ಕೆಳಗಿಳಿಸಲು ಆಗಲಿಲ್ಲ. ಆದರೂ ಕೈಚೀಲದಲ್ಲಿ ಹಿಡಿಯುತ್ತದೆ. ಬಳಸದಿದ್ದಾಗ ಅಲಗು ಮಡಚಿ ಮಣೆಯೊಳಗೆ ಸೇರುತ್ತದೆ. ಮಕ್ಕಳಿರುವ ಮನೆಗೆ ಅದು ಬೇಕೇಬೇಕು ಎಂದು ಹಟ ಹಿಡಿದದ್ದು ಪಕ್ಕದ ಮನೆಯ ಚಿಕ್ಕಮ್ಮ.

ಕಾರ್ಯಾಗಾರದ ಮೇಷ್ಟ್ರೇ, ಮೊದಲ ಸೆಮಿಸ್ಟರಿನಲ್ಲಿ ಒಂದು ಕಬ್ಬಿಣದ ತುಂಡನ್ನು ಚೌಕವಾಗುವವರೆಗೆ ಒಂಬತ್ತು ದಿನ ಅರದಿಂದ ಉಜ್ಜಿಸಿದಿರಿ. ಅಂದು ಮನಸ್ಸಿನಲ್ಲಿ ಅಂದದ್ದಕ್ಕೆಲ್ಲ ಕ್ಷಮೆ ಇರಲಿ. ಮಣಿಪುರದ ಗೆಳತಿ ಇಡೀ ವರದಿಯನ್ನು ಎರಡು ಸಲ ತಿದ್ದಿದಳು. ಅವಳಿಗೆ ಕನ್ನಡ ಬಾರದು, ಇದನ್ನು ಓದಿ ಹೇಳುವ ಕೆಲಸ ನನ್ನದೇ. ಆರು ತಿಂಗಳು ಹಾಸ್ಟೆಲ್ ಶುಲ್ಕ ಕಟ್ಟಿದ್ದು ನನ್ನ ತಮ್ಮ. ಬರೆಯಬೇಡ ಎಂದಿದ್ದ, ಬರೆದೆ.

ಮೆಸ್ಸಿನ ಅಕ್ಕ ಶುಕ್ರವಾರ ಬಾಗಿಲ ಹತ್ತಿರವೇ ಕಾಯುತ್ತಿದ್ದರು. ಮೂರನೆಯ ಮಾದರಿಯನ್ನು ಅವರಿಗೇ ಕೊಟ್ಟೆ. ನಿನ್ನೆ ಹೋಗಿ ನೋಡಿದರೆ ಅಲಗು ಮಡಚಿಟ್ಟು, ಅದರ ಮೇಲೆ ಕೂತು ಮಗಳೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದರು. ನನ್ನನ್ನು ಕಂಡು ಎದ್ದು ನಿಲ್ಲಲು ಹೋದರು, ಬೇಡ ಅಕ್ಕ ಎಂದೆ. ಎರಡನೆಯದು ಅಮ್ಮನ ಹತ್ತಿರ ಇದೆ. ಮೊದಲನೆಯದರ ಕಾಲು ಸ್ವಲ್ಪ ಅಲುಗುತ್ತದೆ. ಆದರೂ ಬೇಕೆನ್ನುವವರಿದ್ದರೆ ತಿಳಿಸಿ, ಸರಿಮಾಡಿ ತಂದುಕೊಡುತ್ತೇನೆ.