ಮಾತು ಕೊಡೋ ಜಪಾನಿ ಹಾಡುಗಳು

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್‌ನ ಸಂಗೀತದ ಪುಟದಲ್ಲಿ ಜಪಾನಿ ಪಾಪ್ ಹಾಡುಗಳ ಬಗ್ಗೆನೂ ಬರೀರಿ ಸರ್, ಅದ್ರಲ್ಲೂ ಮಾತು ಕೊಡೋದರ ಬಗ್ಗೆ ಇರೋ ಹಾಡುಗಳು ತುಂಬಾ ಚೆನ್ನಾಗಿವೆ.

ಮೊದಲು ಝೋನ್ ಅನ್ನೋ ಹುಡುಗೀರ ಬ್ಯಾಂಡಿನ 'ಸೀಕ್ರೆಟ್ ಬೇಸ್' ಕೇಳಿ. 2001ರ ಆಗಸ್ಟ್‌ನಲ್ಲಿ ಬಂದಿದ್ದು, ಬೇಸಿಗೆ ಮುಗೀತಾ ಬೇರೆಯಾಗೋ ಫ್ರೆಂಡ್ಸು ಹತ್ತು ವರ್ಷ ಆದ್ಮೇಲೆ ಆಗಸ್ಟ್‌ನಲ್ಲೇ ಮತ್ತೆ ಸಿಗ್ತೀವಿ ಅಂತ ನಂಬ್ಕೊಂಡು ಹಾಡೋದು, ಆಮೇಲೆ ಬ್ಯಾಂಡೇ ಒಡೆದೋಯ್ತು, ಆದ್ರೂ ಹಳೇ ಸದಸ್ಯರಲ್ಲಿ ಕೆಲವರು 2011ರ ಆಗಸ್ಟ್‌ಗೆ ಸರಿಯಾಗಿ ಮತ್ತೆ ಸೇರಿ ಹಾಡಿದ್ರು ನೋಡಿ! ಅದೇ ವರ್ಷ 'ಅನೋಹಾನಾ' ಅನ್ನೋ ಅನಿಮೆ (ಜಪಾನಿ ಕಾರ್ಟೂನ್) ಸರಣಿಯಲ್ಲೂ ಈ ಹಾಡು ಬಂತು, ನಮ್ಮ ಹುಡುಗ್ರಲ್ಲಿ ಅನಿಮೆ ನೋಡೋರಿಗೆ ಗೊತ್ತಿರುತ್ತೆ.

ಉಳಿಸಿಕೊಳ್ಳದ ಮಾತಿನ ಹಾಡು ಬೇಕಂದ್ರೆ 1975ರ 'ಮೋಮೆನ್ ನೋ ಹ್ಯಾಂಕಚೀಫು', ಹಾಡಿರೋದು ಓತಾ ಹಿರೋಮಿ. ಸಿಟಿಗೆ ಹೋದ ಹುಡುಗ ಊರಲ್ಲಿರೋ ತನ್ನ ಹುಡುಗಿಗೆ ನಿಂಗೆ ಗಿಫ್ಟ್ ಹುಡುಕ್ತೀನಿ ಅಂತಾನೆ, ಅವಳಿಗೆ ಅವ್ನು ಬದಲಾಗದೆ ವಾಪಸ್ ಬಂದ್ರೆ ಸಾಕು, ಕೊನೆಗೆ ಬರಲ್ಲ ಅಂದಾಗ ಅವಳು ಕೇಳೋದು ಕಣ್ಣೀರು ಒರೆಸೋಕೆ ಒಂದು ಹತ್ತಿ ಕರ್ಚೀಫ್ ಅಷ್ಟೇ. ರಾಗ ಮಾತ್ರ ಲವಲವಿಕೆಯದ್ದು, ಅದಕ್ಕೇ ಇನ್ನೂ ಜಾಸ್ತಿ ನೋವಾಗುತ್ತೆ.

ಇಂಥವಕ್ಕೆ ಸಾಹಿತ್ಯದ ಅರ್ಥವನ್ನ ಕನ್ನಡದಲ್ಲಿ ಕೊಟ್ಟು ವಾರಕ್ಕೊಂದು ಹಾಡು ಪರಿಚಯ ಮಾಡ್ಸಿ ಪ್ಲೀಸ್.

ಇಂತಿ,
ನಿಮ್ಮ ಓದುಗ