ಬೇರಿಂಗ್ ಆರ್ಡರಿನ ವಿಷಯವಾಗಿ ಚೇತನನಿಗೆ

ಮಲ್ಲೇಶ್ವರ, ಬೆಂಗಳೂರು
10 ನವೆಂಬರ್ 2025

ಚಿ. ಚೇತನನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಉಭಯ ಕುಶಲೋಪರಿ. ಮಧ್ಯವರ್ತಿಯೊಬ್ಬರ ಮೂಲಕ ಪೀಣ್ಯದ ನಿನ್ನ ಕಾರ್ಖಾನೆಗೆ ಬಂದಿರುವ, ರಷ್ಯಾಕ್ಕೆ ಸೇರುವ ಬಾಲ್ ಬೇರಿಂಗಿನ ಎನ್‌ಕ್ವೈರಿಯನ್ನೂ ಅದರ ಜೊತೆಗೆ ನೀನು ಬರೆದು ಕಳುಹಿಸಿದ ದೀರ್ಘ ವಾದವನ್ನೂ ನಿಧಾನವಾಗಿ ಓದಿದೆ. ಉಕ್ರೇನ್ ಯುದ್ಧವನ್ನು ನೀನು ಇಷ್ಟು ಶ್ರದ್ಧೆಯಿಂದ ಗಮನಿಸುತ್ತಿರುವುದು ನನಗೆ ಸಂತೋಷದ ವಿಷಯವೇ. ಹೊರದೇಶಕ್ಕೆ ಸರಕು ಕಳುಹಿಸುವವನಿಗೆ ಲೋಕದ ಆಗುಹೋಗು ತಿಳಿದಿರಲೇಬೇಕು. ಆದರೆ ದೇಶವೇ ರಷ್ಯಾದೊಡನೆ ಧಾರಾಳವಾಗಿ ವ್ಯಾಪಾರ ಮಾಡುತ್ತಿರುವಾಗ ನಾನೇಕೆ ಮಾಡಬಾರದು ಎಂದು ಕೇಳಿದ್ದೀಯಲ್ಲ, ಆ ಪ್ರಶ್ನೆಯಲ್ಲೇ ತೊಡಕಿದೆ. ದೇಶಕ್ಕಿರುವ ಬಲ ಒಂದೇ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲವನ್ನು ನಂಬಿ ನಡೆಯುವ ಕಾರ್ಖಾನೆಗೆ ಇರುವುದಿಲ್ಲ. ಈ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕೆಂದೇ ಈ ಪತ್ರ.

ತೈಲದ ಮಾತನ್ನು ನೀನೇ ಎತ್ತಿದ್ದೀಯ. ಯುದ್ಧಕ್ಕೆ ಮುಂಚೆ ನಾವು ಆಮದು ಮಾಡಿಕೊಳ್ಳುತ್ತಿದ್ದ ಕಚ್ಚಾತೈಲದಲ್ಲಿ ರಷ್ಯಾದ ಪಾಲು ಶೇ. 2ಕ್ಕೂ ಕಡಿಮೆಯಿತ್ತು, ಅನಂತರ ಅದು ಮೂರನೇ ಒಂದು ಭಾಗವನ್ನೂ ಮೀರಿತು. ಯುರೋಪಿನ ಸಮಸ್ಯೆಯೆಲ್ಲ ಜಗತ್ತಿನ ಸಮಸ್ಯೆ ಎನ್ನುವ ಭಾವನೆಯಿಂದ ಯುರೋಪ್ ಹೊರಬರಬೇಕೆಂದು ಜೈಶಂಕರ್ ಅವರು 2022ರಲ್ಲಿ ಆಡಿದ ಮಾತನ್ನು ನೀನು ಉದ್ಧರಿಸಿದ್ದೀಯ, ನಾನೂ ಅದನ್ನು ಒಪ್ಪುತ್ತೇನೆ. ಆದರೆ ಆ ಮಾತನ್ನು ಆಡಿದ್ದು ನೂರನಲವತ್ತು ಕೋಟಿ ಜನರ ಮಾರುಕಟ್ಟೆಯ ಪರವಾಗಿ ನಿಂತ ವಿದೇಶಾಂಗ ಸಚಿವರು. ಅಷ್ಟು ದೊಡ್ಡ ದೇಶದ ಮೇಲೂ ಈ ತೈಲದ ಕಾರಣಕ್ಕೆಂದೇ ಅಮೆರಿಕ ಇದೇ ಆಗಸ್ಟ್‌ನಲ್ಲಿ ಹೆಚ್ಚುವರಿ ಶೇ. 25 ಸುಂಕ ಹೇರಿ ಒಟ್ಟು ಹೊರೆಯನ್ನು ಶೇ. 50ಕ್ಕೆ ಏರಿಸಿತು. ಅದನ್ನು ತಡೆದುಕೊಂಡು ಮಾತುಕತೆಗೆ ಕೂರುವ ಶಕ್ತಿ ಸರಕಾರಕ್ಕಿದೆ. ನಿನ್ನ ಖಾತೆಯ ವಹಿವಾಟನ್ನು ಬ್ಯಾಂಕು ಒಂದು ತಿಂಗಳು ತಡೆಹಿಡಿದರೆ ಸಂಬಳದ ದಿನ ನೀನು ಯಾರೊಡನೆ ಮಾತುಕತೆಗೆ ಕೂರುತ್ತೀಯ?

ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ. ಗುಜರಾತಿನ ವಾಡಿನಾರ್‌ನಲ್ಲಿ ವರ್ಷಕ್ಕೆ 2 ಕೋಟಿ ಟನ್ ತೈಲ ಸಂಸ್ಕರಿಸುವ ನಯಾರಾ ಎನರ್ಜಿಯಲ್ಲಿ ಸುಮಾರು ಅರ್ಧ ಪಾಲು ರಷ್ಯಾದ ರೋಸ್‌ನೆಫ್ಟ್‌ನದು. ಯುರೋಪ್ ಒಕ್ಕೂಟ ಈ ಜುಲೈನಲ್ಲಿ ಅದರ ಮೇಲೆ ನಿರ್ಬಂಧ ಹೇರಿದ ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ತನ್ನ ಸೇವೆಯನ್ನು ನಿಲ್ಲಿಸಿತು. ಕಂಪನಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆಯೇ ಸೇವೆ ಮರಳಿದ್ದು. ಅದಕ್ಕೂ ಮೊದಲು, 2024ರ ಅಕ್ಟೋಬರ್ ಕೊನೆಯಲ್ಲಿ, ರಷ್ಯಾಕ್ಕೆ ಸೇನಾ ಉಪಯೋಗಕ್ಕೂ ಬರುವ ವಸ್ತುಗಳನ್ನು ಒದಗಿಸಿದ ಆರೋಪದ ಮೇಲೆ ಅಮೆರಿಕ ಪ್ರಕಟಿಸಿದ ಉದ್ದನೆಯ ಪಟ್ಟಿಯಲ್ಲಿ ಭಾರತದ 19 ಸಂಸ್ಥೆಗಳಿದ್ದವು. ಅವು ಭಾರತದ ಕಾನೂನನ್ನು ಉಲ್ಲಂಘಿಸಿಲ್ಲವೆಂಬುದು ತನ್ನ ತಿಳಿವಳಿಕೆ ಎಂದು ನಮ್ಮ ವಿದೇಶಾಂಗ ಸಚಿವಾಲಯ ಹೇಳಿತು. ಹಾಗೆ ಹೇಳಿದ್ದರಿಂದ ಪಟ್ಟಿಯಿಂದ ಅವುಗಳ ಹೆಸರೇನೂ ಅಳಿಸಿಹೋಗಲಿಲ್ಲ. ಇಲ್ಲಿಯ ಕಾನೂನಿನಲ್ಲಿ ತಪ್ಪಿಲ್ಲದಿದ್ದರೂ ಅಲ್ಲಿಯ ಪಟ್ಟಿಗೆ ಸೇರಬಹುದು ಎಂಬುದನ್ನು ನೀನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು.

ಈಗ ಈ ಎನ್‌ಕ್ವೈರಿ ನಿನ್ನ ಬಾಗಿಲಿಗೇ ಏಕೆ ಬಂತು ಎಂಬುದನ್ನು ನೋಡೋಣ. 2024-25ರಲ್ಲಿ ರಷ್ಯಾದಿಂದ ನಾವು ತರಿಸಿಕೊಂಡದ್ದು ಸುಮಾರು 6,400 ಕೋಟಿ ಡಾಲರ್ ಮೌಲ್ಯದ ಸರಕು, ನಾವು ಕಳುಹಿಸಿದ್ದು 500 ಕೋಟಿ ಡಾಲರ್‌ಗೂ ಕಡಿಮೆ. ರೂಪಾಯಿಯಲ್ಲೇ ಲೆಕ್ಕ ತೀರಿಸಲು ರಿಸರ್ವ್ ಬ್ಯಾಂಕ್ 2022ರ ಜುಲೈನಲ್ಲಿ ವಿದೇಶಿ ಬ್ಯಾಂಕುಗಳು ನಮ್ಮ ಬ್ಯಾಂಕುಗಳಲ್ಲಿ ಇಡುವ ವಿಶೇಷ ವೋಸ್ಟ್ರೋ ಖಾತೆಗಳಿಗೆ ಅವಕಾಶ ಕೊಟ್ಟಿತಾದರೂ, ಒಂದು ಕಡೆಯಿಂದ ಮಾತ್ರ ಸರಕು ಹರಿದರೆ ಹಣ ಇನ್ನೊಂದು ಕಡೆ ಗುಡ್ಡೆ ಬೀಳುತ್ತದೆ. ಭಾರತದ ಬ್ಯಾಂಕುಗಳಲ್ಲಿ ಕೋಟ್ಯಂತರ ರೂಪಾಯಿ ಬಳಕೆಯಾಗದೆ ಬಿದ್ದಿದೆಯೆಂದು ರಷ್ಯಾದ ವಿದೇಶಾಂಗ ಸಚಿವ ಲಾವ್ರೋವ್ 2023ರ ಮೇ ತಿಂಗಳಲ್ಲಿ ಗೋವಾದಲ್ಲಿ ಬಹಿರಂಗವಾಗಿಯೇ ಹೇಳಿದರು. ಆದ್ದರಿಂದ ಭಾರತದ ಸರಕು ಕೊಳ್ಳಲು ಅವರು ಮುಂದೆ ಬರುವುದು ಸಹಜ, ಮತ್ತು ಅದರಲ್ಲಿ ನ್ಯಾಯವಾದ ಅವಕಾಶವೂ ಇದೆ. ನಿನ್ನ ಕೈಯಲ್ಲಿರುವ ಕಾಗದ ಮಾತ್ರ ಆ ಬಗೆಯದಲ್ಲ.

ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೆಲಸ ಮಾಡಿದವಳ ಕಣ್ಣಿನಿಂದ ಅದನ್ನು ನೋಡಿದೆ. ಕೊಳ್ಳುವ ಸಂಸ್ಥೆ ಮಧ್ಯ ಏಷ್ಯಾದ್ದು, ನೋಂದಣಿಯಾದದ್ದು 2022ರ ಬೇಸಿಗೆಯಲ್ಲಿ, ಎಂದರೆ ಯುದ್ಧ ಆರಂಭವಾದ ಕೆಲವೇ ತಿಂಗಳಿಗೆ. ಹಣ ಕೊಡುವುದು ಅವರಲ್ಲ, ದುಬೈನ ಬೇರೊಂದು ಸಂಸ್ಥೆ, ಅದೂ ದಿರ್ಹಂನಲ್ಲಿ. ಅಂತಿಮ ಬಳಕೆದಾರ ಯಾರೆಂಬ ಕಡೆ ಬರೀ ಖಾಲಿ. ಎರಡನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ, ಇನ್‌ವಾಯ್ಸಿನಲ್ಲಿ ‘ಕೃಷಿ ಯಂತ್ರದ ಬಿಡಿಭಾಗ’ ಎಂದು ನಮೂದಿಸಲು ಕೋರಿದ್ದಾರೆ. ನೀನು ತಯಾರಿಸುವುದು ಬಾಲ್ ಬೇರಿಂಗ್, ಸುಂಕದ ವರ್ಗೀಕರಣದಲ್ಲಿ ಅದರ ಎಚ್‌ಎಸ್ ಸಂಕೇತ 8482.10. ಅಮೆರಿಕ, ಯುರೋಪ್ ಒಕ್ಕೂಟ, ಬ್ರಿಟನ್ ಮತ್ತು ಜಪಾನ್ ಸೇರಿ ರಷ್ಯಾದ ಶಸ್ತ್ರಾಸ್ತ್ರ ತಯಾರಿಕೆಗೆ ಅಗತ್ಯವೆಂದು ಗುರುತಿಸಿರುವ 50 ಸಂಕೇತಗಳ ಪಟ್ಟಿಯಲ್ಲಿ ಅದೂ ಒಂದು. ಸಂಕೇತವೊಂದು, ವಿವರಣೆಯೊಂದು ಆದರೆ ಹೊರದೇಶದ ನಿರ್ಬಂಧದ ಮಾತು ಹಾಗಿರಲಿ, ನಮ್ಮದೇ 1962ರ ಕಸ್ಟಮ್ಸ್ ಕಾಯಿದೆಯಡಿ ಅದು ಸುಳ್ಳು ಘೋಷಣೆ. ವೈಟ್‌ಫೀಲ್ಡ್ ಐಸಿಡಿಯ ಕಂಟೇನರ್ ಡಿಪೋದಲ್ಲಿ ಕಸ್ಟಮ್ಸಿನವರು ಕಂಟೇನರ್ ತೆರೆದು ನೋಡಿದರೆ ಸಹಿ ಮಾಡಿದವನು ನೀನೇ. ಮಧ್ಯವರ್ತಿಯ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ.

ಹಣದ ದಾರಿಯೂ ಸುಗಮವಿಲ್ಲ. ರಷ್ಯಾದ ಯುದ್ಧೋದ್ಯಮಕ್ಕೆ ನೆರವಾಗುವ ವಹಿವಾಟು ನಡೆಸಿದ ಯಾವ ದೇಶದ ಬ್ಯಾಂಕಿನ ಮೇಲಾದರೂ ಕ್ರಮ ಕೈಗೊಳ್ಳುವ ಅಧಿಕಾರವನ್ನು ಅಮೆರಿಕ 2023ರ ಡಿಸೆಂಬರ್‌ನಲ್ಲಿ ತನಗೆ ತಾನೇ ಕೊಟ್ಟುಕೊಂಡ ಮೇಲೆ, ದುಬೈನಿಂದ ಹಿಡಿದು ಇಸ್ತಾಂಬುಲ್‌ವರೆಗಿನ ಬ್ಯಾಂಕುಗಳು ಇಂಥ ಪಾವತಿಗಳನ್ನು ಹಿಂತಿರುಗಿಸುವುದು, ವಾರಗಟ್ಟಲೆ ತಡೆಯುವುದು ಸಾಮಾನ್ಯವಾಯಿತು. ನಿನ್ನ ಬ್ಯಾಂಕಿಗೂ ನ್ಯೂಯಾರ್ಕಿನಲ್ಲಿ ಡಾಲರ್ ಖಾತೆಯಿದೆ. ನಿನ್ನ ಒಂದು ಆರ್ಡರಿಗಾಗಿ ಅವರು ಅದನ್ನು ಪಣಕ್ಕಿಡುವುದಿಲ್ಲ.

ಲಾಭನಷ್ಟದ ಲೆಕ್ಕದಾಚೆಗೆ ಇನ್ನೊಂದು ಮಾತಿದೆ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಿನಸಿ ತರಲು ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಅವನ ಪಾರ್ಥಿವ ಶರೀರ ನಮ್ಮ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬರಲು ಸುಮಾರು ಮೂರು ವಾರ ಹಿಡಿಯಿತು. ಮಗನನ್ನು ವೈದ್ಯನನ್ನಾಗಿ ಕಾಣಬೇಕೆಂದಿದ್ದ ತಂದೆತಾಯಿ ದೇಹವನ್ನು ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಅದೇ ನಗರದ ಮೇಲೆ ಇಂದಿಗೂ ಕ್ಷಿಪಣಿ, ಡ್ರೋನ್ ಬೀಳುತ್ತಿವೆ. ನೀನು ಮಾಡಿದ ಬೇರಿಂಗ್ ಟ್ರ್ಯಾಕ್ಟರಿಗೆ ಹೋಯಿತೋ ಟ್ಯಾಂಕಿಗೆ ಹೋಯಿತೋ ಎಂದು ಕೇಳಬಾರದೆಂಬ ಷರತ್ತಿನ ಮೇಲೆ ಬರುವ ಆರ್ಡರನ್ನು ನಮ್ಮ ಮನೆಯ ಹುಡುಗ ಹಿಡಿಯಬಾರದೆಂಬುದು ನನ್ನ ಬಲವಾದ ಅಭಿಪ್ರಾಯ.

ಯುದ್ಧ ಬರುವ ಬೇಸಿಗೆಯೊಳಗೆ ಮುಗಿಯುತ್ತದೆ, ಈಗಲೇ ಒಳಗೆ ಕಾಲಿಟ್ಟವರಿಗೆ ಆಗ ಮಾರುಕಟ್ಟೆ ಎಂದೂ ಬರೆದಿದ್ದೀಯ. ಕೀವ್ ಕೆಲವೇ ದಿನಗಳಲ್ಲಿ ಬೀಳುತ್ತದೆ ಎಂದವರಿದ್ದರು. ಕಪ್ಪು ಸಮುದ್ರದ ಧಾನ್ಯ ಒಪ್ಪಂದ ಆದಾಗ ಶಾಂತಿಯ ಮೊದಲ ಹೆಜ್ಜೆ ಎಂದರು; ಒಂದು ವರ್ಷಕ್ಕೆ ರಷ್ಯಾ ಅದರಿಂದ ಹೊರನಡೆಯಿತು. ಈ ಆಗಸ್ಟ್‌ನಲ್ಲಿ ಅಲಾಸ್ಕದಲ್ಲಿ ಟ್ರಂಪ್ ಮತ್ತು ಪುಟಿನ್ ಭೇಟಿಯಾದರೂ ಕದನವಿರಾಮ ಸಿಗಲಿಲ್ಲ. ರಾತ್ರಿಯಿಡೀ ನಕ್ಷೆಯಲ್ಲಿ ಯಾವ ಹಳ್ಳಿ ಯಾರ ಕೈಸೇರಿತೆಂದು ನೋಡುವುದಕ್ಕಿಂತ ವಿದೇಶ ವ್ಯಾಪಾರದ ಮಹಾನಿರ್ದೇಶನಾಲಯವಾದ ಡಿಜಿಎಫ್‌ಟಿ ಮತ್ತು ರಿಸರ್ವ್ ಬ್ಯಾಂಕಿನ ಸುತ್ತೋಲೆಗಳನ್ನೂ ಹಡಗು ಬಾಡಿಗೆ, ವಿಮೆಯ ದರಗಳನ್ನೂ ಓದುವುದು ನಿನಗೆ ಹೆಚ್ಚು ಉಪಯುಕ್ತ. ಕೆಂಪು ಸಮುದ್ರದಲ್ಲಿ ಯೆಮೆನ್ನಿನ ಹೂತಿ ಬಂಡುಕೋರರ ದಾಳಿ ಆರಂಭವಾದಾಗ ನಿನ್ನ ಜರ್ಮನಿಯ ಸರಕು ಆಫ್ರಿಕವನ್ನು ಸುತ್ತಿಕೊಂಡು ಹತ್ತು ಹದಿನೈದು ದಿನ ತಡವಾಗಿ ತಲುಪುವುದೆಂದು ಮೊದಲು ತಿಳಿಸಿದ್ದು ನಿನ್ನ ಸರಕು ಸಾಗಿಸುವ ಫಾರ್ವರ್ಡರ್, ಟಿವಿಯ ಯುದ್ಧತಜ್ಞರಲ್ಲ.

ಒಂದೇ ಗಿರಾಕಿಯನ್ನು ನೆಚ್ಚುವುದರ ಫಲವನ್ನೂ ನಾನು ಕಂಡಿದ್ದೇನೆ. ರೂಪಾಯಿ ಲೆಕ್ಕದಲ್ಲಿ ಸೋವಿಯತ್ ಒಕ್ಕೂಟಕ್ಕೆ ಕಾಫಿ ಕಳುಹಿಸುತ್ತಿದ್ದ ವರ್ತಕರ ಕಾಗದಪತ್ರಗಳು ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತಿದ್ದವು. 1991ರ ಡಿಸೆಂಬರ್‌ನಲ್ಲಿ ಆ ಒಕ್ಕೂಟವೇ ಇಲ್ಲವಾದಾಗ, ಇಟಲಿ, ಜರ್ಮನಿಗಳಲ್ಲೂ ಗಿರಾಕಿಗಳನ್ನು ಉಳಿಸಿಕೊಂಡಿದ್ದವರು ಚೇತರಿಸಿಕೊಂಡರು; ಮಾಸ್ಕೋ ಒಂದನ್ನೇ ನಂಬಿದ್ದವರಲ್ಲಿ ಕೆಲವರು ಮತ್ತೆ ನಮ್ಮ ಕೌಂಟರಿನತ್ತ ಬರಲೇ ಇಲ್ಲ. ಅಮೆರಿಕದ ಗಿರಾಕಿ ಆರ್ಡರ್ ಇಳಿಸಿದ ಸಿಟ್ಟಿನಲ್ಲಿ ನೀನು ಇನ್ನೊಂದು ಒಂಟಿ ಬಾಗಿಲಿಗೆ ಹೋಗಬೇಡ.

ರಷ್ಯಾದ ಮಾರುಕಟ್ಟೆ ಬೇಕೇ ಬೇಕೆಂದಿದ್ದರೆ ಆ 50ರ ಪಟ್ಟಿಯಲ್ಲೂ ಸೇನಾ ಉಪಯೋಗಕ್ಕೂ ಬರುವ ವಸ್ತುಗಳ ರಫ್ತನ್ನು ನಿಯಂತ್ರಿಸುವ ನಮ್ಮ ಸ್ಕೋಮೆಟ್ ಪಟ್ಟಿಯಲ್ಲೂ ಇಲ್ಲದ ವಸ್ತುವನ್ನು ಆರಿಸಿಕೊ. ನೀರೆತ್ತುವ ಪಂಪಿನ ಭಾಗಗಳನ್ನು ಮಾಡುತ್ತೇನೆಂದು ಹೇಳುತ್ತಿದ್ದೆಯಲ್ಲ, ಅವುಗಳ ಸಂಕೇತವನ್ನು ಮೊದಲು ಪರೀಕ್ಷಿಸಿ, ನಿಜವಾದ ಹೆಸರಿನಲ್ಲಿ, ವೋಸ್ಟ್ರೋ ಖಾತೆಯ ಮೂಲಕ, ರಫ್ತಿನ ಹಣ ಬಾರದಿದ್ದರೆ ಭರಿಸುವ ಇಸಿಜಿಸಿ ವಿಮೆ ಸಿಗುವುದೇ ಎಂದು ಕೇಳಿಕೊಂಡು ಕಳುಹಿಸು. ಲಾಭ ಕಡಿಮೆಯಾದರೂ ಆ ವ್ಯಾಪಾರಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಈ ಮಧ್ಯವರ್ತಿಗೆ ಮಾತ್ರ ಈ ವಾರವೇ ಬರೆದು, ಅಂತಿಮ ಬಳಕೆದಾರನ ಸಹಿಯಿರುವ ಪ್ರಮಾಣಪತ್ರ ಬೇಕೆಂದೂ, ಕೊಳ್ಳುವವರ ಖಾತೆಯಿಂದಲೇ ಹಣ ಬರಬೇಕೆಂದೂ, ಇನ್‌ವಾಯ್ಸಿನಲ್ಲಿ ಬಾಲ್ ಬೇರಿಂಗ್ ಎಂದೇ ಬರೆಯುವೆನೆಂದೂ ತಿಳಿಸು. ಇವುಗಳಲ್ಲಿ ಯಾವುದೊಂದಕ್ಕೆ ಅವರು ಒಪ್ಪದಿದ್ದರೂ ಕಡತವನ್ನು ಅಲ್ಲಿಗೇ ಮುಚ್ಚಿ, ಅವರ ಮುಂಗಡ ಬಂದಿದ್ದರೆ ಬ್ಯಾಂಕಿಗೆ ತಿಳಿಸಿ ಹಿಂತಿರುಗಿಸು.

ಇಂತು ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ